ಕಾಕೂಗೆ ಕೇಳಲೆಂದು ಮಾಡಿದ ಪೆಟ್ಟಿಗೆ

ಮೊನ್ನೆ ಅಡುಗೆಮನೆಯ ಕಪಾಟು ಮಾಡಲು ಬಡಗಿ ಬಂದಿದ್ದ. ಪ್ಲೈವುಡ್ ಕೊಯ್ದ ಹುಡಿ ಮತ್ತು ಹಸಿ ಅಂಟಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದಾಗ, ಅವನಿಗೆಂದು ತಂದ ಚಹಾ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮಾಳಿಗೆಯ ಕಾಕಾನ ಕೋಣೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ನಾನು ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದಾಗ ಕಾಕಾ, ಅವರ ಹೆಂಡತಿ ಕಾಕೂ ಇಬ್ಬರೇ ಮೇಲೆ ಬಾಡಿಗೆಗಿದ್ದರು. ಮಕ್ಕಳಿರಲಿಲ್ಲ. ಕಾಕಾ ಕಾಲೇಜೊಂದರ ಆಫೀಸಿನಲ್ಲಿ ಕ್ಲರ್ಕ್ ಆಗಿ ನಿವೃತ್ತರಾದವರು. ನಮ್ಮ ಮನೆಯ ಗಂಡಸರು ಚಾದರದ ಅಂಗಡಿಗೆ ಹೋದ ಮೇಲೆ ನಾನು ಕಾಕೂ ಬಳಿ ಹೋಗಿ ಕೂಡುತ್ತಿದ್ದೆ. ಅವರಿಗೆ ಮೊಣಕಾಲು ಹಿಡಿದು ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ಕಿವಿಯೂ ಹೋಗುತ್ತಿತ್ತು. ಮೊದಲು ಗುಬ್ಬಿ, ಬಳೆ, ಕುಕ್ಕರಿನ ಸೀಟಿ ಹೋದವು, ಆಮೇಲೆ ಮಾತು. ಗುಡುಗು, ಲಾರಿ, ಮೃದಂಗದಂಥ ಪಖವಾಜದ ಎಡಮುಖ, ಇಂಥ ತಗ್ಗಿನ ದನಿಗಳಷ್ಟೇ ಉಳಿದವು. ಕಿವಿಯ ಮಶೀನು ಹಾಕಿದರೆ ಬರೀ ಗದ್ದಲವೆಂದು ತೆಗೆದಿಡುತ್ತಿದ್ದರು.

ಅಕ್ಕಲಕೋಟದಲ್ಲಿ ಕಾಕೂನ ಅಣ್ಣ ಭಜನೆಗೆ ಪಖವಾಜ ಬಾರಿಸುತ್ತಿದ್ದರು. ಗುರುವಾರ ಬಸ್ಸು ಹತ್ತಿ ಹೋಗಿ ಕೇಳುವುದೇ ಕಾಕೂನ ಸುಖವಾಗಿತ್ತು. ಅದು ನಿಂತಮೇಲೆ ಕಾಕಾ ಹೋಗಿ ರೆಕಾರ್ಡ್ ಮಾಡಿ ತಂದರು. ಮೊಬೈಲಿನಲ್ಲಿ ಆ ದನಿ ಬರಲೇ ಇಲ್ಲ. ದೊಡ್ಡ ಸ್ಪೀಕರಿಗೆ ಮಂಚದ ಕೋಣೆಯಲ್ಲಿ ಜಾಗವಿಲ್ಲ. ಪೇಟೆಯಿಂದ ಸಣ್ಣದೊಂದು ತಂದರೆ ದನಿ ಒಡೆಯಿತು.

"ಇದು ಅಣ್ಣ ಅಲ್ಲರಿ, ಯಾರೋ ಡಬ್ಬಿ ಬಡಿಯಾಕತ್ತಾರ" ಎಂದರು ಕಾಕೂ.

ಕಾಕಾ ತಾವೇ ಸ್ಪೀಕರಿನ ಪೆಟ್ಟಿಗೆ ಮಾಡಲು ಕುಳಿತರು. ಪೆಟ್ಟಿಗೆ ಸಣ್ಣದಾದಷ್ಟೂ ಒಳಗಿನ ಗಾಳಿ ಬಿಗಿದು ಸ್ಪೀಕರನ್ನು ಹಿಂದಕ್ಕೆ ನೂಕುತ್ತದೆ, ತಗ್ಗಿನ ದನಿ ಊದಿಕೊಳ್ಳುತ್ತದೆ ಎಂದು ನನಗೆ ತಿಳಿಸಿ ಹೇಳುತ್ತಿದ್ದರು. ಮಗ್ಗದವರಿಂದ ಹತ್ತಿಯ ಚಿಂದಿ ತಂದು ಒಳಗೆ ತುಂಬಿದರು. ಗಾಳಿ ಸೋರುತ್ತದೆಯೇ ಎಂದು ಸಂದಿಗಳ ಹತ್ತಿರ ಊದುಬತ್ತಿ ಹಿಡಿದು, ಹೊಗೆ ಅಲುಗಿದಲ್ಲಿ ಅಂಟು ಹಚ್ಚಿದರು. ಒಂದಾದ ಮೇಲೊಂದು ಪೆಟ್ಟಿಗೆ ಹಾಳಾದವು. ಕಾಕಾ ಹೊರಗಿನ ಕೋಣೆಯಿಂದ ಏಳುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಕಾಕೂ ನನ್ನೆದುರೇ ಅಂದರು: "ನನ್ನ ಸಲುವಾಗಿ ಅಂತೀರಿ. ದಿನಾ ಪೆಟಗಿ ಮುಂದ ಕೂಡ್ತೀರಿ. ನನಗ ಕೇಳಸೂದಿಲ್ಲ ಖರೆ, ಕಾಣಸ್ತದಲ್ಲರಿ."

ಮರುದಿನ ನಾನು ಹೋದಾಗ ಗರಗಸ, ಹಲಗೆ, ಅಂಟು ಎಲ್ಲ ಕಾಕೂನ ಮಂಚದ ಪಕ್ಕಕ್ಕೆ ಬಂದಿದ್ದವು. ಅಂದಿನಿಂದ ಪರೀಕ್ಷೆ ಕಾಕೂನದೇ. ಪೆಟ್ಟಿಗೆಯ ಮೇಲೆ ಅಂಗೈ ಊರಿ "ನಡಗತದ" ಎನ್ನುವರು. ನಡುಗಿದರೆ ಅದು ಹಲಗೆಯ ದನಿ, ಪಖವಾಜದ್ದಲ್ಲ. ಕಾಕಾ ಮತ್ತೆ ಬಿಚ್ಚಿ ಒಳಗೆ ಅಡ್ಡಪಟ್ಟಿ ಕೂಡಿಸುವರು. ಕೊನೆಗೆ ಎರಡು ಸ್ಪೀಕರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿದರು. ಒಂದರ ಒದೆತವನ್ನು ಇನ್ನೊಂದು ತಡೆಯಲಿ ಎಂದು.

ಆ ದಿನ ಕಾಕೂ ಅಂಗೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಕಣ್ಣು ತುಂಬಿದ್ದವು.

"ಪೆಟಗಿ ಸುಮ್ಮನ ಅದರಿ. ಅಣ್ಣ ಬಾರಸಾಕತ್ತಾನ."

ಕಾಕಾ ಅವರ ಕೈಮೇಲೆ ಕೈಯಿಟ್ಟು ಕೂತರು. ನಾನು ಮೆಲ್ಲಗೆ ಕೆಳಗಿಳಿದು ಬಂದೆ.

ಆ ಮಳೆಗಾಲದಲ್ಲೇ ಕಾಕೂ ತೀರಿಕೊಂಡರು. ಪೆಟ್ಟಿಗೆಯ ಮೇಲೆ ಬಟ್ಟೆ ಬಿತ್ತು. ತಿಂಗಳುಗಳ ಮೇಲೆ, ಒಮ್ಮೆ ಪೆಟ್ಟಿಗೆ ಹಚ್ಚಬಾರದೇ ಕಾಕಾ ಎಂದು ನಾನೇ ಕೇಳಿದೆ. ಹಚ್ಚಿದರು. ಕೋಣೆಯ ತುಂಬ ಪಖವಾಜ... ಮುಗಿಯುವ ಮೊದಲೇ ಬಂದ್ ಮಾಡಿದರು.

"ದನಿ ಭಾಳ ಸ್ವಚ್ಛ ಬರ್ತದ ಮಗಳ. ಹೌದು ಅನ್ನಾಕ ಯಾರೂ ಇಲ್ಲ."

ಆಮೇಲೆ ಅದನ್ನು ಎತ್ತಿಕೊಂಡು ಅಕ್ಕಲಕೋಟಕ್ಕೆ, ಕಾಕೂನ ಅಣ್ಣನ ಮನೆಗೆ ಹೋದರು, ಅಲ್ಲೇ ಉಳಿದರು. ಹೋದ ವರ್ಷ ಅಲ್ಲಿಂದ ಫೋನು ಬಂತು, ಕಾಕಾ ತೀರಿಹೋದರೆಂದು.

ಅವರಿಬ್ಬರನ್ನು ಕಂಡ ಅತ್ತೆ, ಮಾವ ಈಗಿಲ್ಲ. ಓಣಿಯವರೂ ಬದಲಾಗಿದ್ದಾರೆ. ಮೊನ್ನೆ ಮಗಳ ಮುಂದೆ ಕಾಕಾನ ಮಾತು ತೆಗೆದೆ. ಯಾವ ಕಾಕಾ ಎಂದು ಮರಾಠಿಯಲ್ಲಿ ಕೇಳಿದಳು. ಯಾರೆಂದು ಹೇಳತೊಡಗಿದೆ... ಅವಳಿಗೆ ಕ್ಲಾಸಿಗೆ ಹೊತ್ತಾಗಿತ್ತು.