ಬದುವಿನ ಮೇಲೆ ಇಟ್ಟ ಬಾಟಲಿ

ಮೊದಲು ಕೆಮ್ಮು. ಆಮೇಲೆ ಬಾಯಿಂದ ನೊರೆ.

ಹನಗೋಡಿನ ಹತ್ತಿರದ ನಮ್ಮ ತಂಬಾಕಿನ ಹೊಲದಲ್ಲಿ ಅಂದು ಹೂ ಮುರಿದ ಗಿಡಗಳಿಗೆ ಚಿಗುರು ತಡೆಯುವ ಔಷಧಿ ಬಿಡುತ್ತಿದ್ದೆವು. ನೀರಿಗೆ ಬೆರೆಸಿದರೆ ಅದು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಜ್ಯೂಸ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ತೂತು ಮಾಡಿ, ಗಿಡದ ನೆತ್ತಿಯಿಂದ ಇಳಿಯುವಂತೆ ಬಿಡುವುದು ನಮ್ಮ ಕಡೆಯ ರೂಢಿ. ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡಿದೆ. ಊಟಕ್ಕೆ ಕೂತಾಗ ನನ್ನ ಬಾಟಲಿಯನ್ನು ಬದುವಿನ ಮೇಲೆ, ಮಜ್ಜಿಗೆ ಬಾಟಲಿಯ ಪಕ್ಕದಲ್ಲೇ ಇಟ್ಟೆ. ನಾಲ್ಕು ವರ್ಷದ ಮಗಳು ಹರ್ಷಿತಾಗೆ ಬಾಯಾರಿಕೆಯಾಗಿತ್ತು. ಮಜ್ಜಿಗೆ ಅಂದುಕೊಂಡು ನನ್ನ ಬಾಟಲಿ ಎತ್ತಿ ಕುಡಿದಳು.

ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆ. ಕೂಲಿಗೆ ಬಂದಿದ್ದ ರತ್ನಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯವರೆಗೂ ಓಡಿದಳು. ಹುಣಸೂರಿನಿಂದ ಮೈಸೂರಿಗೆ ಆಂಬುಲೆನ್ಸ್. ವಾಂತಿ ಮಾಡಿಸಬಾರದಿತ್ತು, ಔಷಧಿ ಶ್ವಾಸಕೋಶಕ್ಕೂ ಇಳಿದಿದೆ ಎಂದರು ಡಾಕ್ಟರು.

ವೆಂಟಿಲೇಟರ್.

ಇದು ಎಂಎಲ್‌ಸಿ, ಅಂದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಲೇಬೇಕಾದ ಕೇಸು, ಆದ್ದರಿಂದ ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ ಎಂದು ನರ್ಸ್ ತಿಳಿಸಿದರು. ನನ್ನ ಗಂಡ ಐಸಿಯು ಬಾಗಿಲಿಂದ ಪಕ್ಕಕ್ಕೆ ಕರೆದರು.

“ರತ್ನಕ್ಕ ಇಟ್ಟಿದ್ಲು ಅಂದ್ಬುಡು. ಕೇಸು ನಿನ್ ಮ್ಯಾಲೆ ಬಂದ್ರೆ ಮಗೀನ ಯಾರು ನೋಡ್ಕತ್ತಾರೆ?”

ಅವರ ಮೇಲೆ ಕೋಪ ಬರಲಿಲ್ಲ. ಅದೇ ಯೋಚನೆ ನನಗೂ ಬಂದಿತ್ತು, ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಮಾರನೆಯ ದಿನ ರತ್ನಕ್ಕ ಎರಡು ಬಸ್ಸು ಹತ್ತಿ ಇಳಿದು ಬಂದಳು. ಕಾರಿಡಾರಿನ ನೆಲದಲ್ಲಿ ಕೂತು ಅತ್ತಳು.

“ನಾನಾದ್ರೂ ಎತ್ತಿಡ್ಬೇಕಿತ್ತು ಕಣವ್ವ.”

ಅವಳು ಅಲ್ಲೇ ಕೂತಿದ್ದಾಗ ಪೊಲೀಸಿನವರು ಬಂದರು. ಬಾಟಲಿ ಯಾರಿಟ್ಟಿದ್ದು ಎಂದು ಕೇಳಿದರು.

“ನಾನೇ ಇಟ್ಟಿದ್ದು ಸಾರ್” ಎಂದೆ.

ಬರೆದುಕೊಂಡು ಸಹಿ ಹಾಕಿಸಿಕೊಂಡರು. ಗಂಡ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೇಸು ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ಹನ್ನೊಂದನೇ ದಿನ ಟ್ಯೂಬ್ ತೆಗೆದರು. ಈಗ ಮಗಳು ಮನೆಯಲ್ಲಿದ್ದಾಳೆ. ದನಿ ಒಡೆದಿದೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಜೀವ ಉಳಿಯಿತಲ್ಲ, ಅಷ್ಟು ಸಾಕು ಎನ್ನುತ್ತಾರೆ ನೋಡಲು ಬಂದವರು. ನಿಜ, ಸಾಕು. ರತ್ನಕ್ಕನೂ ಬಂದು ಅವಳ ತಲೆ ಬಾಚಿ ಹೋಗುತ್ತಾಳೆ. ಆದರೆ ಹಾಲು ಕೊಟ್ಟರೂ ಮಗಳು ತಕ್ಷಣ ಲೋಟ ಮುಟ್ಟುವುದಿಲ್ಲ, ನನ್ನ ಮುಖ ನೋಡುತ್ತಾಳೆ.

“ಅವ್ವ, ಇದು ಕುಡಿಯೋದಾ?”

ಮೊದಲ ಗುಟುಕು ನಾನು ಕುಡಿದು ತೋರಿಸುತ್ತೇನೆ. ಆಮೇಲೆ ಅವಳು ಕುಡಿಯುತ್ತಾಳೆ.