ವೀರಬಸಮ್ಮನ ಊಹೂಂ

ವೀರಬಸಮ್ಮ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಹದಿನಾರಕ್ಕೆ ಗದಗಿನ ತುಂಬಿದ ಮನೆಗೆ ಸೊಸೆಯಾಗಿ ಹೋದಳು. ಸೊಸೆಯಂದಿರ ದನಿ ಕೇಳಿದರೆ ಅತ್ತೆಗೆ ಆಗುತ್ತಿರಲಿಲ್ಲ. ಬೇಕಾದರೆ ಹೂಂ, ಬೇಡವಾದರೆ ಊಹೂಂ, ಅದೂ ಬಾಯಿ ತೆರೆಯದೆ. ಆ ಎರಡರಲ್ಲೇ ನಲವತ್ತು ವರ್ಷ ಸಂಸಾರ ಮಾಡಿದಳು. ಗಂಡ ತೀರಿಕೊಂಡ ಮೇಲೆ ಮಗಳು ಅಕ್ಷತಾ ಪರದೇಶದಲ್ಲಿ ತಾನಿದ್ದ ಬ್ರಿಡ್ಜ್‌ವಾಟರಿಗೆ ಕರೆಸಿಕೊಂಡಳು. ಇಂಗ್ಲಿಷ್ ಬಾರದ ಆಕೆ ಇಲ್ಲಿಯೂ ಅವೆರಡರಲ್ಲೇ ದಿನ ದೂಡಿದಳು.

ಚಳಿಗಾಲದ ಶನಿವಾರಗಳಲ್ಲಿ ಅಕ್ಷತಾ ಒಂಬತ್ತು ವರ್ಷದ ಮಗಳು ರಕ್ಷಾಳನ್ನೂ ಅವ್ವನನ್ನೂ ಕರೆದುಕೊಂಡು ಸ್ಕೀ ಮಾಡಲು ಒಂದು ಸಣ್ಣ ಗುಡ್ಡಕ್ಕೆ ಹೋಗುತ್ತಿದ್ದಳು. ದೊಡ್ಡ ರಿಸಾರ್ಟುಗಳ ಡೌಲು ಅಲ್ಲಿಲ್ಲ. ಅಕ್ಕಪಕ್ಕದ ಊರಿನವರು ಜೀನ್ಸ್ ಹಾಕಿಕೊಂಡೇ ಹಿಮದ ಮೇಲೆ ಜಾರುವರು. ಮನೆಯಿಂದ ತಂದ ಊಟವನ್ನು ಮರದ ಮೇಜಿನ ಮೇಲಿಟ್ಟು, ಚೀಲಗಳನ್ನೂ ಅಲ್ಲೇ ಬಿಟ್ಟು ಹೋಗುವರು. ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳ ಲಿಫ್ಟನ್ನು ಅರ್ನಿ ಎಂಬ ಎಪ್ಪತ್ತರ ಮುದುಕ ನೋಡಿಕೊಳ್ಳುತ್ತಿದ್ದ. ವೀರಬಸಮ್ಮನನ್ನು ಕಂಡರೆ ಬಿಸಿಲು ಬೀಳುವ ಕಡೆ ತನ್ನ ಸ್ಟೂಲನ್ನೇ ಹಾಕಿಕೊಡುವನು. ಆಕೆ ಕೊಟ್ಟ ಶೇಂಗಾ ಉಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವನು.

ಜನವರಿಯ ಒಂದು ಶನಿವಾರ ಅಕ್ಷತಾ ಮೇಲೆ ಹೋಗಿದ್ದಾಗ ರಕ್ಷಾ ಲಿಫ್ಟಿನ ಮುಂದೆ ಬಂದು ನಿಂತಳು. ಅರ್ನಿ ಹುಡುಗಿಯತ್ತ, ಆಮೇಲೆ ಗುಡ್ಡದ ತುದಿಯತ್ತ ಬೆರಳು ಮಾಡಿ ಅಜ್ಜಿಯನ್ನು ಏನೋ ಕೇಳಿದ. ಒಬ್ಬಳನ್ನೇ ಕಳಿಸಲೇ ಎಂದು ಕೇಳುತ್ತಿದ್ದಾನೆಂದು ವೀರಬಸಮ್ಮನಿಗೆ ತಿಳಿಯಿತು. "ಊಹೂಂ" ಅಂದಳು. ತಲೆಯನ್ನೂ ತುಸು ಆಡಿಸಿದಳು, ಆದರೆ ಮಫ್ಲರು, ಅದರ ಮೇಲೆ ಟೊಪ್ಪಿಗೆ, ಆಡಿಸಿದ್ದು ಯಾರಿಗೂ ಕಾಣಲಿಲ್ಲ. ಅರ್ನಿ ಹೆಬ್ಬೆರಳೆತ್ತಿ ನಕ್ಕು ಹುಡುಗಿಯನ್ನು ಕುರ್ಚಿಯಲ್ಲಿ ಕೂಡಿಸಿದ. ನೋಡನೋಡುತ್ತಲೇ ಮಗು ಮೇಲೆ ತೇಲಿ ಹೋಯಿತು. ತುದಿಯಲ್ಲಿ ಕುರ್ಚಿಯಿಂದ ಇಳಿಯುವಾಗ ಬಿದ್ದು ಎಡಗೈಯ ಮಣಿಕಟ್ಟು ಮುರಿಯಿತು.

"ಅವ್ವಾ, ನೀ ಹೋಗ್ಲಿ ಅಂದ್ಯಾ?" ಅಕ್ಷತಾ ಕೇಳಿದಳು.

"ಇಲ್ಲವಾ. ಊಹೂಂ ಅಂದೆ, ನಿನ್ನಾಣಿ."

"ಅಂವ ನೀ ಯೆಸ್ ಅಂದಿ ಅಂತಾನ. ಮುದುಕ ಆಗ್ಯಾನ, ಸುಳ್ಳ ಬ್ಯಾರೆ."

ಅಕ್ಷತಾ ಆಫೀಸಿಗೆ ಹೋಗಿ ದೂರು ಬರೆದುಕೊಟ್ಟಳು. ವೀರಬಸಮ್ಮ ಪಕ್ಕದಲ್ಲೇ ನಿಂತಿದ್ದಳು. ಅರ್ನಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಆಕೆಯ ಮುಖವನ್ನೇ ನೋಡುತ್ತಿದ್ದ. ಹಾಡಹಗಲೇ ಎಂಥ ಸುಳ್ಳು ಎಂದು ಆಕೆಗೂ ಸಿಟ್ಟು ಬಂದಿತ್ತು.

ಮಂಗಳವಾರ ರಕ್ಷಾ ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಐಪ್ಯಾಡ್ ನೋಡುತ್ತಿದ್ದಳು. "ಹಾಲು ಕುಡೀತಿ?" ಎಂದು ಅಜ್ಜಿ ಕೇಳಿದರೆ ತಲೆ ಎತ್ತದೆ, ಬಾಯಿ ತೆರೆಯದೆ "ಅಹಂ" ಅಂದಳು. ಅಜ್ಜಿಯ ಕಿವಿಗೆ ಅದು ಊಹೂಂ ಎಂದೇ ಬಿತ್ತು. ವೀರಬಸಮ್ಮ ಹಾಲನ್ನು ಫ್ರಿಜ್ಜಿನಲ್ಲಿಟ್ಟಳು.

"ಅಜ್ಜಿ, ವೇರ್ ಈಸ್ ಮೈ ಮಿಲ್ಕ್?"

"ನೀನ ಊಹೂಂ ಅಂದೆಲ್ಲವಾ."

"ನೋ, ಐ ಸೆಡ್ ಅಹಂ. ದಟ್ ಮೀನ್ಸ್ ಯೆಸ್. ಎವ್ರಿಬಡಿ ಸೇಸ್ ಇಟ್."

ಯೆಸ್ ಎಂಬ ಮಾತು ಆಕೆಗೆ ಗೊತ್ತಿತ್ತು. ಕೈಯಲ್ಲಿದ್ದ ಲೋಟ ಕಟ್ಟೆಯ ಮೇಲಿಟ್ಟಳು. ಅರ್ನಿ ಸುಳ್ಳು ಹೇಳಿರಲಿಲ್ಲ, ಅವನ ಕಿವಿಗೆ ತನ್ನ ಊಹೂಂ ಈ ಅಹಂ ಆಗಿತ್ತು. ತಾನೂ ಹೇಳಿರಲಿಲ್ಲ. ಆದರೆ ಸುಳ್ಳನೆನಿಸಿಕೊಂಡವನು ಅವನೊಬ್ಬನೇ.

ಆಗಲೇ ಮಗಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಇನ್ನು ಮೊಮ್ಮಗಳನ್ನು ತನ್ನ ಕೈಗೆ ಬಿಡಲಾರಳು ಎಂಬ ಅಂಜಿಕೆ. ಬುಧವಾರ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲಲೊಲ್ಲದು. ಗುರುವಾರವೂ ಅಷ್ಟೇ, ವಿಭೂತಿ ಹಚ್ಚಿಕೊಂಡು ಸುಮ್ಮನೆ ಎದ್ದಳು. ಟೊಪ್ಪಿಗೆ ಹಿಡಿದು ನಿಂತ ಆ ಮುದುಕನೇ ಕಣ್ಣ ಮುಂದೆ.

ಶುಕ್ರವಾರ ಬೆಳಿಗ್ಗೆ ಅಕ್ಷತಾ ಫೋನು ನೋಡುತ್ತ, "ಗುಡ್ಡದವರ ಈಮೇಲ್ ಬಂದದ. ಆ ಮುದುಕನ್ನ ಲಿಫ್ಟಿಂದ ತಗದಾರಂತ. ಛಲೋ ಆತು" ಅಂದಳು.

ವೀರಬಸಮ್ಮ ರೊಟ್ಟಿಯ ಹಂಚಿನ ಒಲೆ ಆರಿಸಿ ಎಲ್ಲವನ್ನೂ ಹೇಳಿದಳು. ಅಕ್ಷತಾ ಫೋನು ಕೆಳಗಿಟ್ಟಳು.

"ಮಂಗಳವಾರ ಗೊತ್ತಾಗೇತಿ, ಇವತ್ತ ಹೇಳ್ತಿಯೇನ್ ಅವ್ವಾ? ನಾ ಅವಗ ಮುಖದ ಮ್ಯಾಲ ಸುಳ್ಳ ಅಂದ್ನಿ."

"ನಾಳೆ ಕರಕೊಂಡ ಹೋಗು. ನಾನ ಹೇಳ್ತೀನಿ."

ಶನಿವಾರ ಹೋದಾಗ ಅರ್ನಿ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾರುಗಳಿಗೆ ದಾರಿ ತೋರಿಸುತ್ತಿದ್ದ. ಅಲ್ಲಿ ಬಿಸಿಲಿರಲಿಲ್ಲ, ಗಾಳಿ ಬೇರೆ. ವೀರಬಸಮ್ಮ ಕೈಜೋಡಿಸಿ ನಿಂತಳು. "ನಿಂದ ಖರೇ ಅದ, ತಪ್ಪ ತಿಳಕೊಂಡಾಕಿ ನಾನು ಅಂತ ಹೇಳವಾ" ಎಂದು ಮೊಮ್ಮಗಳಿಗೆ ಅಂದಳು. ರಕ್ಷಾ ತನಗೆ ಬಂದಂತೆ ಹೇಳಿದಳು. ಅಕ್ಷತಾ ತಾನೂ ಕ್ಷಮೆ ಕೇಳಿ ಆಫೀಸಿನ ಕಡೆ ಓಡಿದಳು. ತುಸು ಹೊತ್ತಿಗೆ ತಿರುಗಿ ಬಂದಾಗ ಅವಳ ಮುಖ ಇಳಿದಿತ್ತು. ಲಿಫ್ಟಿಗೆ ಬೇರೆಯವರನ್ನು ತೆಗೆದುಕೊಂಡಾಗಿದೆ, ಮುಂದಿನ ಚಳಿಗಾಲಕ್ಕೆ ನೋಡೋಣ ಅಂದಿದ್ದರು.

ಅರ್ನಿ ಬಾಗಿ ರಕ್ಷಾಳ ಪ್ಲಾಸ್ಟರಿನ ಮೇಲೆ ಬೆರಳಿಟ್ಟು ಏನೋ ಕೇಳಿದ.

"ಏನಂದ?"

"ಕೈ ನೋಯ್ತದಾ ಅಂತ."

"ನನಗ?"

"ನಥಿಂಗ್, ಅಜ್ಜಿ."

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅರ್ನಿ ಅತ್ತ ಹೋದ. ಮಗಳೂ ಮೊಮ್ಮಗಳೂ ಒಳಗೆ ಹೋದರು. ವೀರಬಸಮ್ಮ ಬೆಚ್ಚಗಿನ ಕೋಣೆಗೆ ಹೋಗಲಿಲ್ಲ. ಅವನು ಒಂದೊಂದೇ ಕಾರಿಗೆ ಕೈ ಬೀಸುವುದನ್ನು ನೋಡುತ್ತ ಆ ಗಾಳಿಯಲ್ಲೇ ನಿಂತಳು.