ಸ್ಪಿರಿಟ್ ಕುಡಿಯುವ ಕಾರು

ಚಿಂಚವಾಡದ ನಮ್ಮ ಕಾಲನಿಯಲ್ಲಿ ಎದುರು ಮನೆಯವರದೂ ನನ್ನದೂ ಒಂದೇ ಮಾದರಿಯ ಹಳೆಯ ಕಾರು. ನನ್ನದು ಎಲ್ಲರ ಕಾರಿನಂತೆ ಪೆಟ್ರೋಲ್ ಕುಡಿಯುತ್ತಿತ್ತು. ಧಾರವಾಡದ ಕಡೆಯವರಾದ ಅವರು ಮಾತ್ರ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸಿ, ಅದಕ್ಕೆ ತಕ್ಕಂತೆ ಎಂಜಿನ್ನಿಗೆ ಇಂಧನ ಬಿಡುವ ಕಾರ್ಬೊರೇಟರಿನ ತೂತನ್ನು ತಾವೇ ದೊಡ್ಡದು ಮಾಡಿಕೊಂಡಿದ್ದರು. ಬಾನೆಟ್ ಎತ್ತಿ, ಬೆರಳಿಗಂಟಿದ ಸ್ಪಿರಿಟ್ ಮೂಸಿ, "ಎಂಜಿನ್ನಿಗೂ ರುಚಿ ಅನ್ನೋದು ಅದ ರೀ" ಎನ್ನುತ್ತಿದ್ದರು.

ಒಮ್ಮೆ ಮುಂಬಯಿಯಿಂದ ಬರುವಾಗ ಖಂಡಾಳಾ ಘಾಟಿನ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ, ಕೈಬೀಸಿ ಹೋದರು. "ಅವರ ಗಾಡಿ ಭಾಳ ಚಲೋ ಓಡ್ತದ, ಅಲ್ಲಾ?" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ. ನಾನು ಆಕ್ಸಿಲರೇಟರನ್ನು ಇನ್ನಷ್ಟು ತುಳಿದೆ.

ಆದರೆ ಥಂಡಿಯಲ್ಲಿ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದಿಲ್ಲ. ಡಿಸೆಂಬರಿನ ಒಂದು ಮುಂಜಾನೆ ಅವರ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಇಡೀ ಕಾಲನಿ ಸುತ್ತ ನೆರೆಯಿತು. ನಾನು ಬೇಕೆಂದೇ ಹೊರಗೆ ಬಂದು ನನ್ನ ಕಾರಿನ ಕೀಲಿ ತಿರುವಿದೆ. ಒಂದೇ ಸಲಕ್ಕೆ ಶುರುವಾಯಿತು. ಯಾರೂ ತಿರುಗಿ ನೋಡಲಿಲ್ಲ.

ಅವರೇ ನನ್ನ ಹತ್ತಿರ ಬಂದರು. "ಒಂದ್ ವಾಟಗಾ ಪೆಟ್ರೋಲ್ ಕೊಡ್ರಿ. ಕಾರ್ಬೊರೇಟರಿನ ಬಾಯಿಗೆ ಹನಿಸಿದ್ರ ಎದ್ದೇಳ್ತದ."

ನನ್ನ ಕಾರಿನ ಪೆಟ್ರೋಲ್ ಟಾಕಿಗೆ ನಳಿಗೆ ಹಾಕಿ, ನಮ್ಮ ಮನೆಯದೇ ಒಂದು ಲೋಟಕ್ಕೆ ತೆಗೆದು ಕೊಟ್ಟೆ. ಹನಿಸಿದ್ದೇ ತಡ, ಕಾರು ಗುಡುಗಿತು. "ನೋಡ್ರಿ, ರುಚಿ ಅದ!" ಎಂದು ಅವರು ಖಾಲಿ ವಾಟಗವನ್ನು ನನ್ನ ಕೈಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿ. ಆ ಸದ್ದು ನನ್ನ ಪೆಟ್ರೋಲಿನದೆಂದು ಒಬ್ಬರಿಗೂ ಹೊಳೆಯಲಿಲ್ಲ. ಕೈಯಲ್ಲಿ ವಾಟಗಾ ಇದ್ದದ್ದೇ ಪುಣ್ಯ, ನಾನು ಚಪ್ಪಾಳೆ ತಟ್ಟುವುದು ತಪ್ಪಿತು.